ಆಗದ ಹಾನಿಯ ಪಂಚನಾಮೆ

ಮಹಾರಾಷ್ಟ್ರದ ಸೊಲ್ಲಾಪುರದಿಂದ ಅಕ್ಕಲಕೋಟದ ರಸ್ತೆ ಹಿಡಿದರೆ ಶಹರ ಹಿಂದೆ ಸರಿಯುತ್ತಿದ್ದಂತೆ ಕುಂಭಾರಿ ಸಿಗುತ್ತದೆ. ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಈ ಭಾಗದಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ಬಹಳ. ಕಚೇರಿಯ ಕಾಗದ ಮಾತ್ರ ಮರಾಠಿಯದು. ವರ್ಷದ ಸರಾಸರಿ ಮಳೆ 550 ಮಿ.ಮೀ. ಆಸುಪಾಸು. ಹಿಂಗಾರಿ ಜೋಳ ಬಿತ್ತಬೇಕಾದ ರೈತ ಉತ್ತರಿ, ಹಸ್ತ ಮಳೆಗಳಿಗಾಗಿ ಮುಗಿಲು ನೋಡುತ್ತ ಕೂರುವುದು ಇಲ್ಲಿಯ ತಲೆತಲಾಂತರದ ಅನುಭವ.

ಆ ಮುಗಿಲೇ 2020ರ ಅಕ್ಟೋಬರಿನಲ್ಲಿ ಹರಿದು ಬಿತ್ತು. ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತ ದಖ್ಖನವನ್ನು ದಾಟುವಾಗ ಬೋರಿ ನದಿ ಉಕ್ಕಿ ಅಕ್ಕಲಕೋಟ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿತು. ಪಂಢರಪುರದ ಕುಂಭಾರ ಘಾಟಿನಲ್ಲಿ ಗೋಡೆ ಕುಸಿದು ಆರು ಜನ ಸತ್ತರು. ಐದು ವರ್ಷದ ನಂತರ, 2025ರ ಸೆಪ್ಟೆಂಬರಿನಲ್ಲಿ, ಸೀನಾ ನದಿ ಕರ್ಮಾಳಾ, ಮಾಢಾ, ಮೋಹೋಳ, ದಕ್ಷಿಣ ಸೊಲ್ಲಾಪುರದ ಹೊಲಗಳನ್ನು ಮುಳುಗಿಸಿತು. ಕೆಲವು ಕಡೆ ಬೆಳೆಯ ಜೊತೆಗೆ ಅದು ನಿಂತಿದ್ದ ಮಣ್ಣೂ ಕೊಚ್ಚಿ ಹೋಯಿತು.

ಬರವಿರಲಿ, ನೆರೆಯಿರಲಿ, ಹಳ್ಳಿಯ ಕಟ್ಟೆಯ ಮೇಲೆ ಮೊದಲು ಕೇಳುವ ಮಾತು ಒಂದೇ: “ಪಂಚನಾಮಾ ಆತೇನ್ರಿ?” ತಲಾಠಿ, ಗ್ರಾಮಸೇವಕ, ಕೃಷಿ ಸಹಾಯಕ ಮೂವರೂ ಹೊಲಕ್ಕೆ ಬಂದು ಎಷ್ಟು ಹಾಳಾಯಿತೆಂದು ಬರೆದುಕೊಂಡು ಹೋಗುತ್ತಾರೆ. ಆ ಕಾಗದದ ಆಧಾರದ ಮೇಲೆ ಹಣ ಬರುತ್ತದೆ. ಆದ ಹಾನಿಯನ್ನು ಅಳೆಯಲು ನಮ್ಮ ಆಡಳಿತಕ್ಕೆ ನೂರೈವತ್ತು ವರ್ಷದ ಪಳಗಿದ ಕೈ ಇದೆ. ಒಂದು ಒಡ್ಡು ಗಟ್ಟಿಯಾಗಿದ್ದುದರಿಂದ ಉಳಿದ ಹೊಲವನ್ನು, ಒಂದು ನಾಲೆ ಹೂಳಿಲ್ಲದೆ ಹರಿದುದರಿಂದ ನೀರು ನುಗ್ಗದ ಓಣಿಯನ್ನು ಬರೆದುಕೊಳ್ಳುವ ಕಾಗದ ಇಲ್ಲ. ಮುಂದಿನ ಹಾನಿಯನ್ನು ಈಗಲೇ ತಗ್ಗಿಸಲು ಸರ್ಕಾರ ಅನುದಾನ ಕೊಡಬೇಕೆ, ಎಷ್ಟು ಕೊಡಬೇಕು, ಯಾವ ಕೆಲಸಕ್ಕೆ, ಯಾರ ಕೈಗೆ ಎಂಬ ಚರ್ಚೆಯ ಬಹುಪಾಲು ತೊಡಕು ಈ ಕೊರತೆಯಿಂದಲೇ ಹುಟ್ಟಿದೆ ಎಂಬುದು ನನ್ನ ತಿಳಿವಳಿಕೆ.

ಕೆರೆ, ರೈಲು ಮತ್ತು ಮೊದಲ ಅನುದಾನ

ಈ ನೆಲದಲ್ಲಿ ಮುಂಜಾಗ್ರತೆಯ ಕೆಲಸ ಸರ್ಕಾರಕ್ಕಿಂತ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಶರಣ ಸಿದ್ಧರಾಮ ಕೆರೆ ಕಟ್ಟಿಸುವುದನ್ನು ಶಿವಪೂಜೆಯ ಸಮಕ್ಕಿಟ್ಟ. ಸೊಲ್ಲಾಪುರದ ನಡುವೆ ಸಿದ್ಧೇಶ್ವರ ಗುಡಿಯನ್ನು ಸುತ್ತುವರಿದ ಕೆರೆ ಆ ಕಾಯಕದ ನೆನಪನ್ನು ಇಂದಿಗೂ ಹೊತ್ತು ನಿಂತಿದೆ. ಬ್ರಿಟಿಷರ ಕಾಲದಲ್ಲಿ ಆದಿಲಾ ನದಿಗೆ ಅಡ್ಡಲಾಗಿ ಎಕರುಖ ಕೆರೆಯ ಕೆಲಸ 1866ರಲ್ಲಿ ಆರಂಭವಾಗಿ 1871ಕ್ಕೆ ಮುಗಿಯಿತು. ಇವತ್ತು ಜನ ಅದನ್ನು ಹಿಪ್ಪರಗಾ ಕೆರೆ ಎನ್ನುತ್ತಾರೆ.

ಐದು ವರ್ಷ ಕಳೆಯುವಷ್ಟರಲ್ಲಿ 1876–78ರ ಭೀಕರ ಬರ ಬಂತು. ವಿಜಾಪುರ, ಸೊಲ್ಲಾಪುರ, ಧಾರವಾಡದ ಸೀಮೆಗಳು ಬರಿದಾದವು. ಖಜಾನೆಯ ಖರ್ಚು ಉಳಿಸಲು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಬರಗಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಮಟ್ಟಕ್ಕೆ ಇಳಿಸಿದಾಗ ಕೂಲಿಕಾರರು ಕೆಲಸ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಆ ಬರದ ನೆರಳಿನಲ್ಲೇ, 1878ರಲ್ಲಿ, ವೈಸರಾಯ್ ಲಿಟ್ಟನ್ ಸರ್ಕಾರ ವರ್ಷಕ್ಕೆ 1.5 ಕೋಟಿ ರೂಪಾಯಿಯ ದುರ್ಭಿಕ್ಷ ವಿಮಾ ಅನುದಾನವನ್ನು ಘೋಷಿಸಿತು. ಮುಂದಿನ ಬರದ ಪೆಟ್ಟನ್ನು ಈಗಲೇ ಕಡಿಮೆ ಮಾಡಲು ವರ್ಷವರ್ಷ ಹಣ ತೆಗೆದಿಡುವ ಆಲೋಚನೆ ಈ ದೇಶದ ಆಯವ್ಯಯದಲ್ಲಿ ರೂಪ ತಳೆದದ್ದು ಹೀಗೆ.

ಈಗಿನ ಜಗಳಗಳೆಲ್ಲ ಆಗಲೇ ಶುರುವಾದವು. ಹಣ ರೈಲಿಗೋ ನೀರಾವರಿಗೋ? ನೀರಾವರಿ ಎಂಜಿನಿಯರ್ ಆರ್ಥರ್ ಕಾಟನ್ ಕಾಲುವೆಯ ಪರ ವಾದಿಸಿದರು. ಸರ್ಕಾರ ರೈಲಿನ ಕಡೆ ವಾಲಿತು. ಕುಂಭಾರಿಗೆ ಹತ್ತಿರದ ಹೊಟಗಿಯಿಂದ ವಿಜಾಪುರದ ಮೇಲೆ ಗದಗಕ್ಕೆ ಹೋಗುವ ಹಳಿ 1880ರ ದಶಕದಲ್ಲಿ ಬರರಕ್ಷಣೆಯ ಮಾರ್ಗವೆಂದೇ ಹಾಕಿದ್ದು, ಬರದಲ್ಲಿ ಧಾನ್ಯ ಸಾಗಿಸಲೆಂದು. ಇನ್ನೊಂದು ಜಗಳ ಹಣ ಬೇರೆಡೆಗೆ ಹರಿದುದರ ಬಗ್ಗೆ. ಬರಕ್ಕೆಂದು ಹಾಕಿದ ತೆರಿಗೆಯ ಹಣ ಯುದ್ಧದಂಥ ಖರ್ಚುಗಳಿಗೆ ಹೋಯಿತೆಂದು ಕಾಂಗ್ರೆಸ್ಸಿನ ಮೊದಲ ತಲೆಮಾರಿನವರು ದೂರಿದರು. ಇತ್ತ 1880ರ ಸ್ಟ್ರೇಚಿ ಆಯೋಗದ ವರದಿ ಮತ್ತು ಅದರ ಬೆನ್ನಿಗೆ ಬಂದ ದುರ್ಭಿಕ್ಷ ಸಂಹಿತೆ ಪರಿಹಾರವನ್ನು ನಿಯಮಬದ್ಧ ಮಾಡಿದವು. ಆಣೆವಾರಿ, ಘೋಷಣೆ, ಕಾಮಗಾರಿ ಎಂಬ ಸರಪಳಿ ಅಲ್ಲಿಂದ ಬಂದದ್ದು. ಪರಿಹಾರಕ್ಕೆ ಹೀಗೆ ಸಂಹಿತೆ ಸಿಕ್ಕಿತು, ಮುಂಜಾಗ್ರತೆಗೆ ಸಿಗಲಿಲ್ಲ.

ಒಡ್ಡಿನ ಶಾಸ್ತ್ರದಿಂದ ಖಡಿ ಒಡೆಯುವ ದಿನಗಳಿಗೆ

1933ರ ಸುಮಾರಿಗೆ ಸೊಲ್ಲಾಪುರ, ವಿಜಾಪುರ, ರಾಯಚೂರು, ಹಗರಿ ಮತ್ತು ರೋಹ್ತಕ್‌ಗಳಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರಗಳು ಆರಂಭವಾದವು. ಐದರಲ್ಲಿ ನಾಲ್ಕು ಕನ್ನಡ ಮಾತಿನ ಬಯಲಿನವು. ಕೃಷಿ ವಿಜ್ಞಾನಿ ಎನ್. ವಿ. ಕಾನಿಟಕರ್ ಮತ್ತು ಸಂಗಡಿಗರು ಇಲ್ಲಿ ಕಲಿತದ್ದನ್ನು ರೈತರು ತಮ್ಮ ಮಾತಿನಲ್ಲಿ ಮೊದಲೇ ಬಲ್ಲವರಾಗಿದ್ದರು: ಎರೆಮಣ್ಣು ಹಿಂಗಾರಿಗೆ ನೀರಿನ ಹಗೇವು, ಮಳೆ ಬಿದ್ದಲ್ಲೇ ಇಂಗಿದರೆ ಜೋಳ ಮುಂದೆ ಇಬ್ಬನಿಯಲ್ಲೂ ಬೆಳೆಯುತ್ತದೆ. ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿ ಒಡ್ಡು ಹಾಕುವುದನ್ನು 1942ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯ್ದೆ ಸರ್ಕಾರದ ಕೆಲಸವಾಗಿಸಿತು.

ಇದನ್ನೆಲ್ಲ ಪರೀಕ್ಷೆಗೆ ಒಡ್ಡಿದ್ದು 1972ರ ಬರ. ಆಗ ಮಹಾರಾಷ್ಟ್ರ ಕೈಗೊಂಡ ಬರಗಾಮಗಾರಿಗಳಲ್ಲಿ 1973ರ ಬೇಸಿಗೆಯ ಹೊತ್ತಿಗೆ ದಿನಕ್ಕೆ 50 ಲಕ್ಷದ ಹತ್ತಿರ ಜನ ದುಡಿದರು. ಖಡಿ ಒಡೆದ, ರಸ್ತೆಗೆ ಮಣ್ಣು ಹೊತ್ತ, ಸುಕಡಿ ತಿಂದು ದಿನ ತಳ್ಳಿದ ನೆನಪು ಸೊಲ್ಲಾಪುರ ಸೀಮೆಯ ಹಿರಿಯರಲ್ಲಿ ಇನ್ನೂ ಹಸಿ. ಮಹಾರಾಷ್ಟ್ರದ ನಾಯಕ ವಿ. ಎಸ್. ಪಾಗೆ ಅವರು ರೂಪಿಸಿದ ಉದ್ಯೋಗ ಖಾತರಿ ಯೋಜನೆ ಈ ಬರದಲ್ಲಿ ಬೆಳೆದು 1977ರಲ್ಲಿ ಕಾಯ್ದೆಯಾಯಿತು, 1979ರ ಜನವರಿ 26ರಂದು ಜಾರಿಗೆ ಬಂತು. ಶಹರದ ನೌಕರರ ವೃತ್ತಿ ತೆರಿಗೆಯಿಂದ ಹಳ್ಳಿಯ ಕೂಲಿ ಹೊರಡುವ ಏರ್ಪಾಡು ಅದು. ಜಿನುಗು ಕೆರೆ, ನಾಲಾ ಒಡ್ಡು, ಬಾವಿಗಳೇ ಅದರ ಕಾಮಗಾರಿಗಳಾದ್ದರಿಂದ ಇಂದಿನ ಹಸಿವು ಮತ್ತು ನಾಳಿನ ಬರ ಎರಡಕ್ಕೂ ಒಂದೇ ಕೂಲಿಯಿಂದ ಉತ್ತರ ಕೊಡುವ ಪ್ರಯತ್ನ ನಡೆಯಿತು. ದೇಶದ 2005ರ ಉದ್ಯೋಗ ಖಾತರಿ ಕಾಯ್ದೆಗೆ ಮೇಲ್ಪಂಕ್ತಿ ಇದೇ.

ಕಿಲ್ಲಾರಿಯಿಂದ ಎಂಬತ್ತು–ಇಪ್ಪತ್ತರವರೆಗೆ

1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪದಲ್ಲಿ ಸತ್ತವರು ಸುಮಾರು 8,000 ಜನ. ಅವರನ್ನು ಕೊಂದದ್ದು ಕಲ್ಲು–ಮಣ್ಣಿನ ಗೋಡೆ ಮತ್ತು ಮಾಳಿಗೆಯ ಮೇಲೆ ವರ್ಷವರ್ಷ ಹೇರಿದ ಮಣ್ಣಿನ ಭಾರ. ವಿಶ್ವಬ್ಯಾಂಕಿನ ಸಾಲದಿಂದ ನಡೆದ ಪುನರ್ವಸತಿಯಲ್ಲಿ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಿದರು. ಬಿದ್ದ ಮನೆಗೆ ಹಣ ಕೊಟ್ಟದ್ದರ ಜೊತೆಗೆ ಸುತ್ತಲಿನ ಜಿಲ್ಲೆಗಳಲ್ಲಿ ನಿಂತಿದ್ದ ಲಕ್ಷಕ್ಕೂ ಹೆಚ್ಚು ಮನೆಗಳ ದುರಸ್ತಿ ಮತ್ತು ಬಲವರ್ಧನೆಗೂ ಹಣ ಕೊಟ್ಟರು. ದುರಂತದ ನಂತರದ ಹಣವನ್ನು ಮುಂದಿನ ದುರಂತ ತಡೆಯಲು ಬಳಸುವ ಪಾಠ ಈ ಸೀಮೆಗೆ ಹೀಗೆ ಸಿಕ್ಕಿತು.

ಹಣಕಾಸಿನ ಮೂಲ ಚೌಕಟ್ಟು ಮಾತ್ರ ಪರಿಹಾರದ್ದೇ ಆಗಿ ಉಳಿಯಿತು. 9ನೇ ಹಣಕಾಸು ಆಯೋಗ 1990ರಿಂದ ರಾಜ್ಯಗಳಿಗೆ ವಿಪತ್ತು ಪರಿಹಾರ ನಿಧಿ ಕೊಟ್ಟಿತು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಎರಡು ನಿಧಿಗಳನ್ನು ಹೇಳಿತು, ಒಂದು ಸ್ಪಂದನೆಗೆ (ತಕ್ಷಣದ ನೆರವಿಗೆ), ಇನ್ನೊಂದು ಉಪಶಮನಕ್ಕೆ (ಮುಂದಿನ ಹಾನಿ ತಗ್ಗಿಸಲು). ಎರಡನೆಯದು ಬಹಳ ಕಾಲ ಕಾಯ್ದೆಯ ಪುಟದಲ್ಲೇ ಇತ್ತು. ಬರದ ಬಗ್ಗೆ ಸ್ವರಾಜ್ ಅಭಿಯಾನ ಹೂಡಿದ ಮೊಕದ್ದಮೆಯಲ್ಲಿ 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಥಾಪಿಸಿ ಎಂದಿತು. ರಾಷ್ಟ್ರೀಯ ವಿಪತ್ತು ಉಪಶಮನ ನಿಧಿ ರಚನೆಯಾದದ್ದು 2021ರ ಫೆಬ್ರವರಿಯಲ್ಲಿ, 15ನೇ ಹಣಕಾಸು ಆಯೋಗ ಹಣ ಗೊತ್ತುಪಡಿಸಿದ ಮೇಲೆ. 2021–26ಕ್ಕೆ ರಾಜ್ಯಗಳ ವಿಪತ್ತು ನಿಧಿಗಳಿಗೆ, ರಾಜ್ಯಗಳು ಹಾಕುವ ಪಾಲೂ ಸೇರಿ, 1,60,153 ಕೋಟಿ ರೂಪಾಯಿ. ಅದರಲ್ಲಿ 80 ಭಾಗ ಸ್ಪಂದನೆಗೆ, 20 ಭಾಗ, ಅಂದರೆ 32,031 ಕೋಟಿ, ಉಪಶಮನಕ್ಕೆ. 1878ರ ಆಲೋಚನೆಗೆ ಖಾಯಂ ಖಾತೆ ತೆರೆಯಲು ಒಂದೂವರೆ ಶತಮಾನದ ಹತ್ತಿರ ಬೇಕಾಯಿತು. ಈ 20 ಭಾಗವನ್ನು ಹೇಗೆ ಬಳಸಬೇಕು ಎಂಬಲ್ಲಿ ಪಂಥಗಳು ಬೇರೆಯಾಗುತ್ತವೆ.

ಮೊದಲ ಪಂಥ: ಪರಿಹಾರವೇ ಮೊದಲು

ವಿಪತ್ತು ಬಡವರನ್ನು ಕೊಲ್ಲುವುದು ಮಳೆಯ ಕೊರತೆಯಿಂದಲ್ಲ, ಕೈಯಲ್ಲಿ ಕಾಸಿಲ್ಲದ್ದರಿಂದ ಎಂಬುದು ಈ ಪಂಥದ ತಿರುಳು. ಅಮರ್ತ್ಯ ಸೇನ್ 1981ರಲ್ಲಿ ಮಂಡಿಸಿದ ವಾದ ಇದರ ಬುನಾದಿ. 1973ರ ಮಹಾರಾಷ್ಟ್ರ ಇದಕ್ಕೆ ದೊಡ್ಡ ಸಾಕ್ಷಿ: ಧಾನ್ಯ ಕಡಿಮೆಯಿತ್ತು, ಕೂಲಿ ಇತ್ತು, ಕ್ಷಾಮದ ಸಾವು ಬಹುಮಟ್ಟಿಗೆ ತಪ್ಪಿತು.

ಇದರ ಬಲ ತುರ್ತಿನಲ್ಲಿದೆ, ಕೊರತೆ ಅಳತೆಯಲ್ಲಿ. ಕೇಂದ್ರದ 2022–26ರ ನಿಯಮದಲ್ಲಿ ಬೆಳೆ ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿರಬೇಕಿತ್ತು. ಒಣಬೇಸಾಯಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಮಹಾರಾಷ್ಟ್ರದಲ್ಲಿ ಕಂದಾಯ ಮಂಡಲದ ಮಳೆಮಾಪಕ ದಿನಕ್ಕೆ 65 ಮಿ.ಮೀ. ದಾಟಿದರೆ ಅತಿವೃಷ್ಟಿ. ಈ ಗೆರೆಯ ಆಚೆಗೊಬ್ಬ, ಈಚೆಗೊಬ್ಬ ರೈತ ಉಳಿಯುತ್ತಾನೆ. ಪರಿಹಾರ ಬಂದರೂ ಹೊಲ ಮೊದಲಿನಷ್ಟೇ ದುರ್ಬಲವಾಗಿರುತ್ತದೆ. 2025ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರ ಘೋಷಿಸಿದ 31,628 ಕೋಟಿ ರೂಪಾಯಿಯ ನೆರವಿನಲ್ಲಿ ಕೊಚ್ಚಿಹೋದ ಭೂಮಿಗೆ ಹೆಕ್ಟೇರಿಗೆ 47,000 ನಗದು ಮತ್ತು ಉದ್ಯೋಗ ಖಾತರಿಯಿಂದ 3 ಲಕ್ಷದ ಕೆಲಸ ಎಂಬ ಅಂಶವಿತ್ತು. ಪರಿಹಾರವನ್ನೇ ಮಣ್ಣು ಕಟ್ಟುವ ಕೆಲಸವಾಗಿ ತಿರುಗಿಸುವ ಹಳೆಯ ದಾರಿಗೆ ಮರಳುವ ಸೂಚನೆ ಅದರಲ್ಲಿದೆ.

ಎರಡನೆಯ ಪಂಥ: ಕಟ್ಟಿ ತಡೆಯಬೇಕು

ಅಣೆಕಟ್ಟು, ಕಾಲುವೆ, ತಡೆಗೋಡೆಗಳ ಪಂಥ ಇದು. ಭೀಮಾ ನದಿಯ ಮೇಲೆ 1980ಕ್ಕೆ ಮುಗಿದ ಉಜನಿ ಅಣೆಕಟ್ಟು ಸುಮಾರು 117 ಟಿಎಂಸಿ ನೀರು ಹಿಡಿಯುತ್ತದೆ. ಸೊಲ್ಲಾಪುರ ಶಹರದ ಕುಡಿಯುವ ನೀರೂ ಭೀಮೆಯ ಮೇಲೆ ನಿಂತಿದೆ. ಅಷ್ಟು ನೀರು ಕೂಡಿಡದೆ ಬರ ದಾಟುವುದು ಹೇಗೆ ಎಂಬ ಇವರ ಪ್ರಶ್ನೆಯನ್ನು ಯಾರೂ ತಳ್ಳಿಹಾಕಲಾರರು.

ಆದರೆ ಕಾಲುವೆ ಬಂದಲ್ಲಿ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳು. ಬರ ತಗ್ಗಿಸಲು ತಂದ ನೀರು ನೀರಿನ ಬೇಡಿಕೆಯನ್ನೇ ಏರಿಸಿತು ಎಂದು ಟೀಕಾಕಾರರು ಹೇಳುತ್ತಾರೆ. ನೆರೆಯ ಕಾಲಕ್ಕೆ ಇದೇ ಅಣೆಕಟ್ಟು ಇನ್ನೊಂದು ಇಕ್ಕಟ್ಟು ತರುತ್ತದೆ: ಬೇಸಿಗೆಗಾಗಿ ತುಂಬಿಡಬೇಕು, ನೆರೆಗಾಗಿ ಖಾಲಿಯಿಡಬೇಕು. 2020ರ ಅಕ್ಟೋಬರಿನಂಥ ತಡವಾದ ಮಳೆ ಬಂದಾಗ ಕಟ್ಟೆ ಅದಾಗಲೇ ತುಂಬಿರುತ್ತದೆ. ದೊಡ್ಡ ಕಾಮಗಾರಿಗಳನ್ನು ಉಪಶಮನ ನಿಧಿಯಿಂದ ಮಾಡಬಾರದು, ಅವು ಮಾಮೂಲಿ ಅಭಿವೃದ್ಧಿ ಯೋಜನೆಗಳಿಗೆ ಸೇರಿದವು ಎಂದು 15ನೇ ಹಣಕಾಸು ಆಯೋಗ ಸ್ಪಷ್ಟ ಮಾಡಿತು. ಆ ನಿಧಿ ಊರಮಟ್ಟದ ಸಣ್ಣ ಕೆಲಸಗಳಿಗೆ.

ಮೂರನೆಯ ಪಂಥ: ಮಳೆ ಬಿದ್ದಲ್ಲೇ ನಿಲ್ಲಿಸಬೇಕು

ಒಣಬೇಸಾಯ ಕೇಂದ್ರಗಳ ವಾರಸುದಾರರು ಇವರು. ಅಹಿಲ್ಯಾನಗರ (ಹಿಂದಿನ ಅಹ್ಮದನಗರ) ಜಿಲ್ಲೆಯ ರಾಳೇಗಣಸಿದ್ಧಿ, ಹಿವರೆ ಬಾಜಾರಗಳು ಇವರ ಉದಾಹರಣೆಗಳು. ನಾಲೆಯ ತಲೆಯಿಂದ ಬುಡದವರೆಗೆ ಒಡ್ಡು, ಗಿಡ, ಹುಲ್ಲು ಇದ್ದರೆ ಬರದಲ್ಲಿ ತೇವ ಉಳಿಯುತ್ತದೆ, ಅತಿವೃಷ್ಟಿಯಲ್ಲಿ ನೀರಿನ ಓಟ ತಗ್ಗುತ್ತದೆ. ಎರಡು ವಿಪತ್ತಿಗೆ ಒಂದೇ ಮದ್ದು ಎಂಬುದು ಇದರ ಆಕರ್ಷಣೆ.

ಈ ಆಲೋಚನೆ ದೊಡ್ಡ ಪ್ರಮಾಣದಲ್ಲಿ ನಡೆದದ್ದು 2014ರ ಕೊನೆಯಲ್ಲಿ ಘೋಷಣೆಯಾದ ಜಲಯುಕ್ತ ಶಿವಾರದಲ್ಲಿ. 9,600 ಕೋಟಿ ರೂಪಾಯಿಗೂ ಮಿಕ್ಕಿ ಖರ್ಚಾದ ಈ ಯೋಜನೆ ನೀರಿನ ಸ್ವಾವಲಂಬನೆಯನ್ನಾಗಲಿ, ಅಂತರ್ಜಲದ ಏರಿಕೆಯನ್ನಾಗಲಿ ಗುರಿಯಷ್ಟು ಸಾಧಿಸಲಿಲ್ಲವೆಂದು ಮಹಾಲೇಖಪಾಲರು 2020ರಲ್ಲಿ ವರದಿ ಮಾಡಿದರು. ಯೋಜನೆಯ ಪರವಾಗಿದ್ದವರು ಹಳ್ಳಿಹಳ್ಳಿಯ ಬಾವಿ ತೋರಿಸಿದರು. ವಿರೋಧಿಸಿದವರು ಜೆಸಿಬಿ ಹಚ್ಚಿ ನಾಲೆ ಅಗೆದದ್ದೇ ಕೆಲಸವಾಯಿತು, ಮೇಲಿನ ಇಳಿಜಾರು ಬೋಳಾಗಿಯೇ ಉಳಿಯಿತು ಎಂದರು. 2023ರಲ್ಲಿ ಎರಡನೆಯ ಹಂತ ಆರಂಭವಾಯಿತು. ಕೆಲಸಕ್ಕೆ ಮುಂಚಿನ ಅಳತೆ, ನಂತರದ ಅಳತೆ, ಪಕ್ಕದಲ್ಲಿ ಕೆಲಸ ಆಗದ ಹಳ್ಳಿಯ ಅಳತೆ ಮೂರನ್ನೂ ಒಟ್ಟಿಗಿಡದಿದ್ದರೆ ಇಂಥ ವಾದ ಮುಗಿಯುವುದೇ ಇಲ್ಲ.

ನಾಲ್ಕನೆಯ ಪಂಥ: ವಿಮೆ ಹೊರಲಿ

ಹಾನಿ ತಡೆಯಲಾಗದಿದ್ದರೆ ಹಂಚಿಕೊಳ್ಳೋಣ ಎನ್ನುವವರ ದಾರಿ ಬೆಳೆವಿಮೆ. 2016ರ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಗೆ ಮಹಾರಾಷ್ಟ್ರ 2023ರಲ್ಲಿ ಒಂದು ರೂಪಾಯಿಯ ಕಂತು ಸೇರಿಸಿತು. 2025ರ ಮುಂಗಾರಿಗೆ ಅದನ್ನು ನಿಲ್ಲಿಸಿ, ಪರಿಹಾರವನ್ನು ಬೆಳೆ ಕಟಾವು ಪ್ರಯೋಗದ ಇಳುವರಿಗೆ ಕಟ್ಟಿಹಾಕಿತು. ಅದೇ ಹಂಗಾಮಿನಲ್ಲಿ ಸೀನಾ ಉಕ್ಕಿದ್ದು ದುರ್ದೈವ. ವಿಮೆಯ ಸಿದ್ಧಾಂತ ಸರಳ: ಅಪಾಯ ಕಡಿಮೆ ಮಾಡಿಕೊಂಡವನಿಗೆ ಕಂತು ಕಡಿಮೆಯಾಗಬೇಕು, ಆಗ ಜನ ತಾವೇ ಒಡ್ಡು ಹಾಕುತ್ತಾರೆ. ಆದರೆ ಇಲ್ಲಿ ಇಡೀ ಮಂಡಲಕ್ಕೆ ಒಂದೇ ಲೆಕ್ಕ. ಒಡ್ಡು ಹಾಕಿದ ಹೊಲಕ್ಕೂ ಹಾಕದ ಹೊಲಕ್ಕೂ ಕಂತಿನಲ್ಲಿ ಭೇದವಿಲ್ಲ.

ಐದನೆಯ ಪಂಥ: ಮತ ಮತ್ತು ಹಕ್ಕಿನ ಪ್ರಶ್ನೆ

ತಡೆಯುವುದು ಅಗ್ಗ ಎಂದು ಎಲ್ಲರೂ ಒಪ್ಪುವಾಗ ಸರ್ಕಾರಗಳು ಏಕೆ ತಡೆಯುವುದಿಲ್ಲ? ಅಮೆರಿಕದಲ್ಲಿ ಒಂದು ಡಾಲರ್ ಉಪಶಮನ ಅನುದಾನ ಸರಾಸರಿ ಆರು ಡಾಲರ್ ಹಾನಿ ಉಳಿಸುತ್ತದೆಂದು ಅಲ್ಲಿಯ ಕಟ್ಟಡ ವಿಜ್ಞಾನ ಸಂಸ್ಥೆ ಲೆಕ್ಕ ಹಾಕಿತು. ಹೀಲಿ ಮತ್ತು ಮಲ್ಹೋತ್ರಾ ಎಂಬ ರಾಜಕೀಯ ವಿಜ್ಞಾನಿಗಳು 2009ರಲ್ಲಿ ಉತ್ತರದ ಒಂದು ಭಾಗ ಕೊಟ್ಟರು: ಅಲ್ಲಿನ ಮತದಾರರು ಪರಿಹಾರದ ಹಣಕ್ಕೆ ಮತ ಕೊಡುತ್ತಾರೆ, ಸಿದ್ಧತೆಯ ಹಣಕ್ಕೆ ಕೊಡುವುದಿಲ್ಲ. 2025ರ ಏಪ್ರಿಲಿನಲ್ಲಿ ಅಲ್ಲಿಯ ಕೇಂದ್ರ ವಿಪತ್ತು ಸಂಸ್ಥೆ ತನ್ನ ದೊಡ್ಡ ಉಪಶಮನ ಅನುದಾನ ಕಾರ್ಯಕ್ರಮವನ್ನು ನಿಲ್ಲಿಸುವುದಾಗಿ ಹೇಳಿದಾಗ ರಾಜ್ಯಗಳೇ ಕೋರ್ಟಿಗೆ ಹೋಗಬೇಕಾಯಿತು. ನಮ್ಮಲ್ಲೂ ನೆರೆ ನೋಡಲು ಬಂದ ಮಂತ್ರಿಯ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಬೇಸಿಗೆಯಲ್ಲಿ ನಾಲೆಯ ಹೂಳು ತೆಗೆಸಿದವರ ಚಿತ್ರ ಬರುವುದಿಲ್ಲ.

ಉತ್ತರದ ಇನ್ನೊಂದು ಭಾಗ ಯಾರ ಹಾನಿ ಲೆಕ್ಕಕ್ಕೆ ಬರುತ್ತದೆ ಎಂಬುದು. ಪಂಚನಾಮೆ ಜಮೀನಿನ ದಾಖಲೆಯಾದ ಸಾತ್‌ಬಾರಾ ಉತಾರೆಯನ್ನು ಹಿಂಬಾಲಿಸುತ್ತದೆ. ಕೋರಿನಿಂದ ಹೊಲ ಮಾಡುವವನ, ಕೂಲಿ ಹೆಣ್ಣುಮಗಳ ಹೆಸರು ಅದರಲ್ಲಿ ಇರುವುದಿಲ್ಲ. ಕುಂಭಾರಿಯೇ ಇದಕ್ಕೆ ಕನ್ನಡಿ. ಇಲ್ಲಿ ಬೀಡಿ ಕಾರ್ಮಿಕರಿಗಾಗಿ ಗೋದೂತಾಯಿ ಪರುಳೇಕರ್ ಹೆಸರಿನ ವಸಾಹತು ಮೊದಲು ಬಂತು. ಆಮೇಲೆ ಅಸಂಘಟಿತ ಕಾರ್ಮಿಕರಿಗೆಂದು 30,000 ಮನೆಗಳ ರೇನಗರ. ಅದರ ಮೊದಲ 15,000 ಮನೆಗಳು 2024ರ ಜನವರಿ 19ರಂದು ಹಸ್ತಾಂತರವಾದವು. ಗುಡಿಸಲಿನಿಂದ ಪಕ್ಕಾ ಮನೆಗೆ ಬಂದ ಕುಟುಂಬಕ್ಕೆ ಅದಕ್ಕಿಂತ ದೊಡ್ಡ ಉಪಶಮನ ಇನ್ನೊಂದಿಲ್ಲ. ಅದೇ ಹೊತ್ತಿಗೆ ಬಯಲು ಹೊಲದ ಜಾಗದಲ್ಲಿ ಒಂದು ಪಟ್ಟಣದಷ್ಟು ಸೂರು ಎದ್ದಾಗ ಮಳೆನೀರು ಇಂಗುವ ನೆಲ ಕಡಿಮೆಯಾಗುತ್ತದೆ. ಆ ನೀರು ಯಾವ ನಾಲೆಗೆ, ಯಾರ ಹೊಲಕ್ಕೆ ಎಂಬುದನ್ನು ಮನೆಯ ಅನುದಾನ ಕೊಡುವ ಇಲಾಖೆಯೂ ವಿಪತ್ತಿನ ಇಲಾಖೆಯೂ ಕೂಡಿ ಕೇಳಬೇಕು. ಮನೆ ಮುಳುಗಿದರೆ ಪಾತ್ರೆಗೂ ಬಟ್ಟೆಗೂ ನೆರವಿದೆ. ಎಲೆ ತೊಯ್ದು ಬೀಡಿ ಕಟ್ಟಲಾಗದ ಹತ್ತು ದಿನದ ಮಜೂರಿಗೆ ನಮೂನೆಯಲ್ಲಿ ಕಾಲಮ್ಮಿಲ್ಲ.

ಗಡಿ ಕಾಣದ ನೀರು

2020ರಲ್ಲಿ ಸೊಲ್ಲಾಪುರದಲ್ಲಿ ಉಕ್ಕಿದ ಭೀಮೆಯೇ ಮುಂದೆ ಇಂಡಿ, ಅಫಜಲಪುರ, ಕಲಬುರಗಿ, ಯಾದಗಿರಿಗಳನ್ನು ಮುಳುಗಿಸಿತು. ಮೇಲಿನ ಒಡ್ಡಿನ ಲಾಭ ಕೆಳಗಿನ ರಾಜ್ಯಕ್ಕೆ, ಖರ್ಚು ಮೇಲಿನದಕ್ಕೆ. ಕೃಷ್ಣಾ ನ್ಯಾಯಮಂಡಳಿಗಳು ನೀರಿನ ಪಾಲು ಹಂಚಿದವು. ಹಾನಿ ತಗ್ಗಿಸುವ ಖರ್ಚನ್ನು ಹಂಚುವುದು ಅವುಗಳ ಕೆಲಸವಾಗಿರಲಿಲ್ಲ. ಬರದ ಘೋಷಣೆಯಲ್ಲೂ ಗಡಿ ಎದ್ದು ಕಾಣುತ್ತದೆ. 2023ರಲ್ಲಿ ಕರ್ನಾಟಕ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದಿತು, ಮಹಾರಾಷ್ಟ್ರದ ಮೊದಲ ಪಟ್ಟಿಯಲ್ಲಿದ್ದವು 40. ಕರ್ನಾಟಕ 18,171 ಕೋಟಿ ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2024ರ ಏಪ್ರಿಲಿನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು 3,454 ಕೋಟಿ. 15ನೇ ಆಯೋಗ ರಾಜ್ಯಗಳ ಪಾಲನ್ನು ನಿಶ್ಚಯಿಸುವಾಗ ಅವು ಹಿಂದೆ ಮಾಡಿದ ಖರ್ಚಿಗೆ ಹೆಚ್ಚು ತೂಕ ಕೊಟ್ಟದ್ದೂ ತಕರಾರಿನ ವಿಷಯವೇ: ಹಾನಿ ತಡೆದು ಖರ್ಚು ಉಳಿಸಿದ ರಾಜ್ಯಕ್ಕೆ ಮುಂದೆ ಪಾಲು ಕಡಿಮೆಯಾದರೆ ತಡೆಯುವ ಉತ್ಸಾಹ ಎಲ್ಲಿಂದ ಬರಬೇಕು?

ಇತ್ಯರ್ಥವಾಗದೆ ಉಳಿದದ್ದು

ಐದೂ ಪಂಥಗಳ ಮಾತಿನಲ್ಲಿ ಸತ್ಯವಿದೆ. ಪರಿಹಾರವಿಲ್ಲದೆ ಮೊದಲ ತಿಂಗಳು ದಾಟಲಾಗದು, ಒಡ್ಡಿಲ್ಲದೆ ಹತ್ತು ವರ್ಷ ದಾಟಲಾಗದು. ಅವುಗಳ ನಡುವೆ ತೀರ್ಪು ಕೊಡಲು ಬೇಕಾದ ಪ್ರಶ್ನೆಗಳು ಮಾತ್ರ ಬಾಕಿ ನಿಂತಿವೆ.

ನೂರಕ್ಕೆ ಇಪ್ಪತ್ತು ಎಂಬ ಪಾಲು ಎಲ್ಲ ರಾಜ್ಯಗಳಿಗೂ ಒಂದೇ ಇರಬೇಕೆ, ಅಥವಾ ಬರವೂ ನೆರೆಯೂ ಒಂದೇ ದಶಕದಲ್ಲಿ ಬರುವ ಸೊಲ್ಲಾಪುರದಂಥ ಜಿಲ್ಲೆಗಳಿಗೆ ಬೇರೆ ಇರಬೇಕೆ? ಬರ ತಾಳುವ ಶಕ್ತಿ ಬೆಳೆಸುವುದು ಮಾಮೂಲಿ ಯೋಜನೆಗಳ ಕೆಲಸ ಎಂದ 15ನೇ ಆಯೋಗವೇ 12 ಬರಪೀಡಿತ ರಾಜ್ಯಗಳಿಗೆ 1,200 ಕೋಟಿ ಬೇರೆಯಾಗಿ ಗೊತ್ತುಪಡಿಸಿತು. ಹಾಗಿದ್ದರೆ ಬರದ ಉಪಶಮನ ಎಲ್ಲಿ ಮುಗಿದು ಕೃಷಿ ಇಲಾಖೆಯ ಕೆಲಸ ಎಲ್ಲಿ ಶುರುವಾಗುತ್ತದೆ? ಕಟ್ಟಿದ ಒಡ್ಡನ್ನು ಐದನೆಯ ವರ್ಷ ಯಾರು ದುರಸ್ತಿ ಮಾಡಬೇಕು, ಯಾವ ಹಣದಿಂದ? ಮೇಲಿನ ಹಳ್ಳಿ ಮಾಡಿದ ಕೆಲಸಕ್ಕೆ ಕೆಳಗಿನ ರಾಜ್ಯ ಪಾಲು ಕೊಡಬಹುದೆ? ಹೊಲವಿಲ್ಲದವರ ಹಾನಿಯನ್ನು ಯಾವ ಕಾಗದದಲ್ಲಿ ಬರೆಯಬೇಕು? ಕನ್ನಡ ಓದುವ ಊರಿಗೆ ನೆರೆಯ ಎಚ್ಚರಿಕೆ ಮತ್ತು ಅನುದಾನದ ಅರ್ಜಿ ಅದರದೇ ಮಾತಿನಲ್ಲಿ ಸಿಗಬೇಕೆನ್ನುವುದು ಭಾಷೆಯ ಬೇಡಿಕೆಯೋ, ವಿಪತ್ತು ಸಿದ್ಧತೆಯ ಭಾಗವೋ?

ಎಲ್ಲಕ್ಕಿಂತ ಕಠಿಣವಾದದ್ದು ಅಳತೆಯ ಪ್ರಶ್ನೆ. ಅಮೆರಿಕದ ಆರುಪಟ್ಟು ಲಾಭದ ಲೆಕ್ಕ ಅಲ್ಲಿಯ ಮನೆ, ಅಲ್ಲಿಯ ಬಿರುಗಾಳಿಯದು. ಎರೆಹೊಲದ ಒಡ್ಡಿಗೆ ಅದನ್ನು ಹಚ್ಚಲಾಗದು. ನಮ್ಮ ಲೆಕ್ಕವನ್ನು ನಾವೇ ಹಾಕಬೇಕು. ನೆರೆ ಇಳಿದ ವಾರ ತಲಾಠಿ ಹಾಳಾದ ಹೊಲಕ್ಕೆ ಹೋಗುತ್ತಾರಲ್ಲ, ಅದೇ ಸುತ್ತಿನಲ್ಲಿ ಪಕ್ಕದ ಉಳಿದ ಹೊಲದಲ್ಲೂ ನಿಂತು ಅದು ಏಕೆ ಉಳಿಯಿತು, ಒಡ್ಡು ಯಾವ ವರ್ಷದ್ದು, ಯಾವ ಯೋಜನೆಯದು ಎಂದು ನಾಲ್ಕು ಸಾಲು ಬರೆದುಕೊಂಡರೆ ಆ ಲೆಕ್ಕ ಆರಂಭವಾಗುತ್ತದೆ. ಅದನ್ನು ಬರೆಸುವ ಅಧಿಕಾರ ಯಾರದು, ಬರೆದದ್ದನ್ನು ಮುಂದಿನ ಹಣಕಾಸು ಆಯೋಗ ಪುರಾವೆಯೆಂದು ಒಪ್ಪುವುದೆ ಎಂಬುದು ಇನ್ನೂ ನಿರ್ಧಾರವಾಗಿಲ್ಲ.